ಮೆಷಿನ್‌ನಲ್ಲಿ ತೊಳೆದ ತಟ್ಟೆಗೆ ಬಿಳಿ ಪೊರೆ ಏಕೆ?

ಪ್ರಶ್ನೆ: ನಮ್ಮ ಹಾಸ್ಟೆಲಿನಲ್ಲಿ ಒಂದು ಹೊತ್ತಿಗೆ 600 ಜನ ಊಟ ಮಾಡುತ್ತಾರೆ. ಎಂಜಲು ತಟ್ಟೆ ಸಾಗಿಸುವ ಬೆಲ್ಟು, ತೊಳೆಯುವ ಮೆಷಿನ್ ಹಾಕಿಸಿ ಆರು ತಿಂಗಳಾಯಿತು. ಸ್ಟೀಲ್ ತಟ್ಟೆಗಳ ಮೇಲೆ ಬಿಳಿ ಪೊರೆ ಉಳಿಯುತ್ತಿದೆ. ಸೋಪು ಹೆಚ್ಚಿಸಿದರೂ ಹೋಗುತ್ತಿಲ್ಲ. ನಮ್ಮದು ಬೋರ್‌ವೆಲ್ ನೀರು.
– ಮೆಸ್ ಮೇಲ್ವಿಚಾರಕರು, ಚಿತ್ರದುರ್ಗ

ಉತ್ತರ: ಮೊದಲು ಸೋಪು ಹೆಚ್ಚಿಸುವುದನ್ನು ನಿಲ್ಲಿಸಿ. ಈ ಪೊರೆ ನೀರಿನ ಸುಣ್ಣವೂ ಆಗಿರಬಹುದು, ಅನ್ನದ ಗಂಜಿಯೂ ಆಗಿರಬಹುದು. ಒಣಗಿದ ತಟ್ಟೆಯ ಒಂದು ಮೂಲೆಗೆ ನಿಂಬೆರಸ ಹಚ್ಚಿ, ಎರಡು ನಿಮಿಷ ಬಿಟ್ಟು ಉಜ್ಜಿ. ಅಷ್ಟು ಜಾಗ ಮಾತ್ರ ಫಳಫಳ ಹೊಳೆದರೆ ಅದು ಸುಣ್ಣ. ಇನ್ನೊಂದು ಮೂಲೆಗೆ ಗಾಯಕ್ಕೆ ಹಚ್ಚುವ ಅಯೋಡಿನ್ ಎರಡು ಹನಿ ಬಿಡಿ. ಕಂದು ಹೋಗಿ ಕಡುನೀಲಿಯಾದರೆ ಗಂಜಿ. ಎರಡೂ ಇರುವುದುಂಟು.

ಸುಣ್ಣವಾದರೆ ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ನೋಡಿ. ಉಪ್ಪಿನ ತೊಟ್ಟಿ ಖಾಲಿಯಾಗಿದ್ದರೆ ಒಳಗಿನ ರೆಸಿನ್ ಗಡಸುತನ ಹಿಡಿಯುವುದಿಲ್ಲ, ಗಡಸು ನೀರು ಹಾಗೆಯೇ ಮೆಷಿನ್‌ಗೆ ಹೋಗುತ್ತದೆ. ಕೊನೆಯ ಜಾಲಿಸುವ ನೀರಿನ ನಾಜಲ್‌ಗಳನ್ನು ಬಿಚ್ಚಿ, ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಅರ್ಧ ಗಂಟೆ ನೆನೆಸಿಡಿ. ಇದಕ್ಕೆ ಬ್ಲೀಚಿಂಗ್ ಪೌಡರ್ ಮಾತ್ರ ಸೇರಿಸಬೇಡಿ, ವಿಷಗಾಳಿ ಏಳುತ್ತದೆ. ಹೀಟರ್ ಕಾಯಿಲ್‌ಗೆ ಸುಣ್ಣ ಕಟ್ಟಿದರೆ ಕೊನೆಯ ನೀರು ಬೇಕಾದ 82 ಡಿಗ್ರಿ ಸೆಲ್ಸಿಯಸ್‌ಗೆ ಏರುವುದೇ ಇಲ್ಲ. ಆಗ ತಟ್ಟೆ ಸ್ವಚ್ಛವಾಗಿ ಕಂಡರೂ ರೋಗಾಣು ಉಳಿದಿರಬಹುದು. ಕೊನೆಯ ನೀರಿನ ಬಿಸಿ ಎಷ್ಟಿದೆ ಎಂದು ದಿನಕ್ಕೆರಡು ಸಲ ಬರೆದಿಡಿ.

ಗಂಜಿಯಾದರೆ ತಪ್ಪು ಮೆಷಿನ್‌ನದಲ್ಲ, ಮೆಷಿನ್‌ಗೆ ಮುಂಚಿನದು. ಬೆಲ್ಟಿನ ಕೊನೆಯಲ್ಲಿ ತಟ್ಟೆ ಗುಡ್ಡೆಬಿದ್ದು ಒಣಗಿತೆಂದರೆ ಅಗುಳು ಅಂಟಿ ಕೂರುತ್ತದೆ. ಎಂಜಲು ಕೊಡವಿದ ಕೂಡಲೇ ಕೈ ಸ್ಪ್ರೇಯಲ್ಲಿ 40 ಡಿಗ್ರಿ ಆಸುಪಾಸಿನ ನೀರು ಹಾಯಿಸಿ. ಕುದಿನೀರು ಬೇಡ, ಬೇಳೆ, ಮೊಟ್ಟೆ ಬೆಂದು ತಟ್ಟೆಗೇ ಹಿಡಿಯುತ್ತವೆ. ಮುದ್ದೆ ಮಾಡಿದ ದಿನ ಒಂದು ಟಬ್ ಬೇರೆಯೇ ಇಟ್ಟು ಹದಿನೈದು ನಿಮಿಷ ನೆನೆಹಾಕಿ. ತೊಳೆಯುವ ಟ್ಯಾಂಕಿನ ನೀರು 55ರಿಂದ 65 ಡಿಗ್ರಿ ಇರಲಿ, 600 ತಟ್ಟೆಗೆ ನಡುವೆ ಒಮ್ಮೆಯಾದರೂ ಬದಲಿಸಿ. ಒಗ್ಗರಣೆಯ ಸಾಸಿವೆ, ನುಗ್ಗೆಕಾಯಿ ನಾರು ಜಾಲರಿ ದಾಟಿ, ಮೆಷಿನ್ ಒಳಗೆ ನೀರು ಚಿಮ್ಮುವ ಕೊಳವೆಯ, ಅಂದರೆ ತೊಳೆಯುವ ತೋಳಿನ, ತೂತಿನಲ್ಲಿ ಸಿಕ್ಕಿಕೊಳ್ಳುತ್ತವೆ. ತೋಳನ್ನು ರಾತ್ರಿ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ: ಯಾವ ತೂತಿನಿಂದ ಬೆಳಕು ಬರುವುದಿಲ್ಲವೋ ಅದರ ಎದುರಿನ ತಟ್ಟೆಯೇ ಜಿಡ್ಡಾಗಿ ಬರುತ್ತಿರುತ್ತದೆ.

ಸೋಪು ಹೆಚ್ಚಿಸಬೇಡಿ ಎಂದದ್ದಕ್ಕೆ ಇನ್ನೊಂದು ಕಾರಣವಿದೆ. ಇದು ತೀಕ್ಷ್ಣ ಕ್ಷಾರ, ಮೆಸ್‌ನವರ ಕೈ ಸುಡುತ್ತದೆ. ಕ್ಯಾನ್ ಬದಲಿಸುವಾಗ ಉದ್ದ ಗ್ಲೌಸು, ಕನ್ನಡಕ ಕೊಡಲೇಬೇಕು. ಮುಸುರೆ ತಿಕ್ಕುವ ಕೈಗಳಿಗೆ ಬಿಡುವು ಸಿಗಲೆಂದೇ ಅಲ್ಲವೇ ಮೆಷಿನ್ ತಂದದ್ದು?

ಪ್ರಶ್ನೆ: ತಟ್ಟೆಯಿಂದ ಚಮಚ ಎತ್ತುವ ಆಯಸ್ಕಾಂತ ನಮ್ಮಲ್ಲಿ ಅರ್ಧಕ್ಕರ್ಧ ಚಮಚ ಬಿಟ್ಟುಬಿಡುತ್ತದೆ. ಬೆಲ್ಟು ಕೂಡ ಆಗಾಗ ನಿಲ್ಲುತ್ತದೆ.
– ಕ್ಯಾಂಟೀನ್ ಗುತ್ತಿಗೆದಾರರು, ಬೆಂಗಳೂರು

ಉತ್ತರ: ಚಮಚ ಯಾವ ಸ್ಟೀಲಿನದು ನೋಡಿ. 304, 202 ದರ್ಜೆಯ ಸ್ಟೀಲು ಆಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ, 410 ಅಥವಾ 430 ಅಂಟುತ್ತದೆ. ಅಂಗಡಿಗೆ ಹೋಗುವಾಗ ಫ್ರಿಜ್‌ಗೆ ಅಂಟಿಸುವ ಆಯಸ್ಕಾಂತ ಜೇಬಿನಲ್ಲಿರಲಿ. ಬೆಲ್ಟಿನ ಕೊನೆಯಲ್ಲಿ ತಟ್ಟೆ ಬಂತೆಂದು ಗುರುತಿಸುವ ಸೆನ್ಸರ್ ಕಣ್ಣಿಗೆ ಸಾರು ಸಿಡಿದರೆ ತಟ್ಟೆ ನಿಂತಿದೆ ಎಂದೇ ಅದರ ಲೆಕ್ಕ, ಬೆಲ್ಟು ನಿಲ್ಲುತ್ತದೆ. ಪ್ರತಿ ಊಟಕ್ಕೆ ಮುಂಚೆ ಒದ್ದೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ.