ಬೋರ್‌ವೆಲ್ ಚುಕ್ಕೆ ಊರು ಬಿಟ್ಟು ಹೋದದ್ದು ಹೇಗೆ?

ಪ್ರಶ್ನೆ: ನಾನು ಹುನಗುಂದ ತಾಲೂಕಿನಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ನಮ್ಮ ಉಪಕೇಂದ್ರದ ಹಳ್ಳಿಗಳಲ್ಲಿ ಶಾಲೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಜಾಸ್ತಿ ಕಾಣುತ್ತಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾದರೆ ಹೀಗಾಗುತ್ತದೆ ಅಂತ, ಆಶಾ ಕಾರ್ಯಕರ್ತೆಯರ ಜೊತೆ ಸೇರಿ 38 ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಪರೀಕ್ಷೆ ಮಾಡಿಸಿದೆವು. ಮೊಬೈಲಿನಲ್ಲಿ ಜಿಪಿಎಸ್ ರೀಡಿಂಗ್ ತಗೊಂಡು ನಕ್ಷೆಗೆ ಹಾಕಿದರೆ ಸುಮಾರು ಬೋರ್‌ವೆಲ್‌ಗಳು ಪಕ್ಕದೂರಿನಲ್ಲಿ ಬಿದ್ದಿವೆ. ಎರಡಂತೂ ಸಮುದ್ರದಲ್ಲಿವೆ! ಬೇರೆ ಯಂತ್ರ ಕೊಳ್ಳಬೇಕಾ?

ಉತ್ತರ: ಕೊಳ್ಳಬೇಡಿ, ದುಡ್ಡು ದಂಡ. ನೀವು ಕಳಿಸಿದ ಪಟ್ಟಿ ನೋಡಿದೆ. ಮೊಬೈಲ್ ಸರಿಯಾಗಿಯೇ ಇದೆ, ತಪ್ಪಾಗಿರುವುದು ನೋಟ್‌ಬುಕ್ಕಿನಲ್ಲಿ.

ಸಮುದ್ರದ ಎರಡು ಸುಲಭ. ನಿಮ್ಮ ತಾಲೂಕು ಇರುವುದು ಹೆಚ್ಚುಕಡಿಮೆ 16 ಡಿಗ್ರಿ ಉತ್ತರ, 76 ಡಿಗ್ರಿ ಪೂರ್ವದಲ್ಲಿ. ಆ ಎರಡು ಸಾಲಿನಲ್ಲಿ ಅಕ್ಷಾಂಶ, ರೇಖಾಂಶ ಅದಲು ಬದಲಾಗಿವೆ. 76 ಡಿಗ್ರಿ ಉತ್ತರ ಅಂದರೆ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರದ ಹಿಮದ ಕಡಲು. ಅಲ್ಲಿ ಯಾರೂ ಬೋರ್ ಹಾಕಿಸಿಲ್ಲ ಬಿಡಿ.

ಪಕ್ಕದೂರಿಗೆ ಹೋದವುಗಳದ್ದು ಬೇರೆ ಕಥೆ. ಕೆಲವು ಮೊಬೈಲ್‌ಗಳು ರೀಡಿಂಗನ್ನು ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿ ತೋರಿಸುತ್ತವೆ. ನಿಮ್ಮ ಏಳನೇ ಬೋರ್‌ವೆಲ್ ನೋಡಿ: 16 ಡಿಗ್ರಿ 3 ನಿಮಿಷ 45 ಸೆಕೆಂಡ್. ಇದನ್ನು ಯಾರೋ 16.0345 ಅಂತ ಬರೆದುಕೊಂಡಿದ್ದಾರೆ. ಆದರೆ ನಿಮಿಷ 60ಕ್ಕೆ ತುಂಬುತ್ತದೆ, ನೂರಕ್ಕಲ್ಲ. 3ನ್ನು 60ರಿಂದ, 45ನ್ನು 3600ರಿಂದ ಭಾಗಿಸಿ ಕೂಡಿದರೆ ಬರುವುದು 16.0625. ಈ ಎರಡರ ನಡುವೆ ಮೂರು ಕಿಲೋಮೀಟರ್ ಅಂತರ. ರೇಖಾಂಶದಲ್ಲೂ ಇದೇ ತಪ್ಪಾಗಿ ಅದು ಇನ್ನೂ ನಾಲ್ಕು ಕಿಲೋಮೀಟರ್ ಪಡುವಣಕ್ಕೆ ಸರಿದಿದೆ.

ಇದನ್ನು ಹಿಡಿಯಲು ಒಂದು ಉಪಾಯ ಹೇಳುತ್ತೇನೆ. ಪಟ್ಟಿಯಲ್ಲಿ ದಶಮಾಂಶ ಚುಕ್ಕಿಯ ನಂತರದ ಮೂರನೇ, ನಾಲ್ಕನೇ ಅಂಕಿಗಳನ್ನು ಜೋಡಿಯಾಗಿ ನೋಡುತ್ತಾ ಬನ್ನಿ. ನಿಜವಾದ ದಶಮಾಂಶವಾದರೆ 60ರಿಂದ 99ರ ಒಳಗಿನ ಅಂಕಿಗಳೂ ಅಲ್ಲಲ್ಲಿ ಸಿಗಲೇಬೇಕು. ಒಬ್ಬರು ಬರೆದ ಅಷ್ಟೂ ಸಾಲುಗಳಲ್ಲಿ ಒಂದೂ 59 ದಾಟಿಲ್ಲ ಅಂದರೆ ಅದು ಸೆಕೆಂಡ್. ಸುಮ್ನೆ ಸಂಶಯ ಬೇಡ, ತಿದ್ದಿಬಿಡಿ.

ಇನ್ನೊಂದು, ಎಕ್ಸೆಲ್ ಹಾಳೆಯಲ್ಲಿ ಚುಕ್ಕಿಯ ನಂತರ ಎರಡೇ ಅಂಕಿ ಉಳಿದರೆ ನಕ್ಷೆಯ ಮೇಲಿನ ಗುರುತು ಅರ್ಧ ಕಿಲೋಮೀಟರ್ ಆಚೀಚೆ ಹೋಗುತ್ತದೆ. ಐದು ಅಂಕಿ ಇರಲಿ. ಐದನೇ ಅಂಕಿ ಹೆಚ್ಚುಕಡಿಮೆ ಒಂದು ಮೀಟರ್. ಹೇಗಿದ್ದರೂ ಬಯಲಿನಲ್ಲಿ ಸಾಮಾನ್ಯ ಮೊಬೈಲ್ ಐದು ಮೀಟರ್ ಆಚೀಚೆ ತೋರಿಸುತ್ತದೆ, ಬೋರ್‌ವೆಲ್ ಕೆಲಸಕ್ಕೆ ಅಷ್ಟು ಧಾರಾಳ ಸಾಕು. ಪತ್ರಾಸ್ ಶೆಡ್ಡಿನ ಒಳಗೆ, ದಟ್ಟ ಬೇವಿನ ಮರದ ಕೆಳಗೆ, ಎತ್ತರದ ಗೋಡೆಗೆ ಒತ್ತಿ ನಿಂತು ತೆಗೆದರೆ ಮಾತ್ರ ಕೆಡುತ್ತದೆ. ನಾಲ್ಕು ಹೆಜ್ಜೆ ಬಯಲಿಗೆ ಬಂದು, ಒಂದೆರಡು ನಿಮಿಷ ತಾಳಿ ಒತ್ತಿ. ನೆಟ್‌ವರ್ಕ್ ಇಲ್ಲ ಅಂತ ಊರೊಳಗೆ ಬರಬೇಡಿ. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ, ಕನಿಷ್ಠ ನಾಲ್ಕು ಉಪಗ್ರಹಗಳು ಸಿಕ್ಕರೆ ಆಯಿತು.

ನಮ್ಮ ತಂಡದ ಪಾಡೂ ಕೇಳಿ. ಒಮ್ಮೆ 11 ಬೋರ್‌ವೆಲ್‌ಗಳು ನಕ್ಷೆಯಲ್ಲಿ ಒಂದೇ ಕಡೆ ಗುಂಪಾಗಿ ಕೂತಿದ್ದವು. ಹೋಗಿ ನೋಡಿದರೆ ಅದು ಚಹಾದಂಗಡಿ! ಹುಡುಗರು ಹೊಲದಲ್ಲಿ ಬಾಟಲಿ ತುಂಬಿಕೊಂಡು, ಫಾರ್ಮನ್ನು ಅಲ್ಲಿ ಕೂತು ತುಂಬಿದ್ದರು. ಆ್ಯಪ್ ಪಾಪ ತಾನು ಎಲ್ಲಿದೆಯೋ ಅದನ್ನೇ ಬರೆದುಕೊಂಡಿತ್ತು.

ಪ್ರಶ್ನೆ: ಅದೇ ರೀಡಿಂಗ್‌ಗಳನ್ನು ತಿದ್ದಿಕೊಂಡು ಕ್ಯುಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರಿನಲ್ಲಿ ಫ್ಲೋರೈಡಿನ ಬಣ್ಣದ ನಕ್ಷೆ ಮಾಡಿದೆ. ಒಂದು ಊರು ಪೂರ್ತಿ ಕೆಂಪಾಯಿತು. ಪಂಚಾಯಿತಿ ಸದಸ್ಯರು ಜಗಳಕ್ಕೇ ಬಂದರು. ನಕ್ಷೆ ಸುಳ್ಳಾ?

ಉತ್ತರ: ಚುಕ್ಕೆಗಳು ಸುಳ್ಳಲ್ಲ. ನಡುವೆ ತುಂಬಿದ ಬಣ್ಣ ಊಹೆ. ಅಳೆದ ಎರಡು ಬೋರ್‌ವೆಲ್‌ಗಳ ನಡುವಿನ ಜಾಗದಲ್ಲಿ ಇಷ್ಟಿರಬಹುದು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಮಳೆ, ಬಿಸಿಲಿಗೆ ಈ ಲೆಕ್ಕ ನಡೆದೀತು. ಫ್ಲೋರೈಡ್ ಬರುವುದು ನೆಲದಡಿಯ ಕಲ್ಲಿನಿಂದ. ಇಳಕಲ್ ಗ್ರಾನೈಟಿನ ಸೀಮೆ ನಿಮ್ಮದು, ಕಲ್ಲಿನ ಬಿರುಕು ಹೇಗೆ ಹೋಗಿದೆಯೋ ನೀರೂ ಹಾಗೆ. ಒಂದೇ ಹೊಲದಲ್ಲಿ 150 ಅಡಿ ಬೋರಿನ ನೀರು ಒಂದು ಥರ, 500 ಅಡಿಯದ್ದು ಇನ್ನೊಂದು ಥರ ಇರಬಹುದು. ನಕ್ಷೆಯಲ್ಲಿ ಎರಡೂ ಒಂದೇ ಚುಕ್ಕೆ ಅಲ್ವಾ? ಅದಕ್ಕೇ ಆಳ, ತಾರೀಖು, ಎಷ್ಟು ಮನೆಯವರು ಕುಡಿಯುತ್ತಾರೆ ಅನ್ನುವುದನ್ನು ವಾಟರ್‌ಮ್ಯಾನ್ ಹತ್ತಿರ ಕೇಳಿ ಬರೆದುಕೊಳ್ಳಿ. ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ಹಿಡಿಯಿರಿ, ಗಾಜು ಬೇಡ.

ಬಣ್ಣ ತುಂಬುವುದನ್ನು ಬಿಟ್ಟು ಮೂರು ಬಣ್ಣದ ಚುಕ್ಕೆ ಇಡಿ. ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಇದ್ದರೆ ಒಳ್ಳೆಯ ನೀರು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ. ಅದಕ್ಕೂ ಮೇಲಿನದಕ್ಕೆ ಮಾತ್ರ ಕೆಂಪು. ಕೆಂಪು ಚುಕ್ಕೆಯ ನೀರನ್ನು ಕಾಯಿಸಿ ಕುಡಿಯಿರಿ ಅಂತ ಯಾರಿಗೂ ಹೇಳಬೇಡಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಇನ್ನು ಮಕ್ಕಳ ಹಲ್ಲು. ಇಲ್ಲೇ ಬಹಳ ಜನ ಎಡವುತ್ತಾರೆ. ಹಲ್ಲಿನ ಮೇಲ್ಪದರ ಕಟ್ಟಿಕೊಳ್ಳುವುದು ಸುಮಾರು ಎಂಟು ವರ್ಷದ ಒಳಗೆ. 13 ವರ್ಷದ ಹುಡುಗಿಯ ಹಲ್ಲಿನ ಕಲೆ ಅವಳು ಚಿಕ್ಕಂದಿನಲ್ಲಿ ಕುಡಿದ ನೀರಿನದ್ದು, ಇವತ್ತಿನ ಬೋರಿನದ್ದಲ್ಲ. ನಮ್ಮ ಕಡೆ ಎಷ್ಟು ಸಂಸಾರಗಳು ಗೋವಾ, ಮಂಗಳೂರು ಅಂತ ದುಡಿಯಲು ಹೋಗಿ ಬರುತ್ತವೆ! ಮಗು ಆಗ ಅಪ್ಪ-ಅಮ್ಮನ ಜೊತೆ ಇತ್ತೋ, ಅಜ್ಜಿ ಊರಿನಲ್ಲಿತ್ತೋ, ಯಾವ ನಲ್ಲಿ ನೀರು ಕುಡಿಯಿತು ಅನ್ನುವುದನ್ನು ತಾಯಿಯನ್ನೇ ಕೇಳಬೇಕು. ಇದನ್ನು ಕೇಳದೆ ಈಗಿನ ಮನೆಗೂ ಹತ್ತಿರದ ಬೋರ್‌ವೆಲ್‌ಗೂ ಗೆರೆ ಎಳೆದರೆ, ತಪ್ಪು ಬೋರ್‌ವೆಲ್ ಮುಚ್ಚಿಸಿದ ಪಾಪ ನಿಮಗೆ ಬರುತ್ತದೆ.

ಪ್ರಶ್ನೆ: ವಿಜಯಪುರದ ನಮ್ಮ ಬಡಾವಣೆಯಲ್ಲಿ ಡೆಂಗಿ ಬಂದ ಮನೆಗಳ ಲೊಕೇಶನ್ ಗುರುತು ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕೋಣ ಅಂತಿದ್ದೇವೆ. ಎಲ್ಲರೂ ಎಚ್ಚರ ಆಗಲಿ ಅಂತ.

ಉತ್ತರ: ಬೇಡ. ಐದಂಕಿ ದಶಮಾಂಶ ಅಂದರೆ ಮನೆ ಬಾಗಿಲೇ. ಹೆಸರು ಹಾಕದಿದ್ದರೂ ಯಾರ ಮನೆ ಅಂತ ಓಣಿಗೆಲ್ಲ ಗೊತ್ತಾಗುತ್ತದೆ, ಆಮೇಲೆ ಜನ ಜ್ವರ ಬಂದರೂ ಮುಚ್ಚಿಡುತ್ತಾರೆ. ಮನೆ ಪಟ್ಟಿ ಆರೋಗ್ಯ ಸಿಬ್ಬಂದಿ ಹತ್ತಿರ ಮಾತ್ರ ಇರಲಿ. ಗುಂಪಿಗೆ ಹಾಕುವುದಾದರೆ ಸೊಳ್ಳೆ ಮರಿ (ಲಾರ್ವಾ) ಸಿಕ್ಕ ಜಾಗದ ಗುರುತು ಹಾಕಿ: ಖಾಲಿ ಸೈಟಿನ ಟೈರು, ಕಟ್ಟುತ್ತಿರುವ ಮನೆಯ ನೀರಿನ ತೊಟ್ಟಿ, ಬಾಗಿಲ ಹೊರಗಿಟ್ಟ ಬ್ಯಾರೆಲ್ಲು. ಡೆಂಗಿ ಸೊಳ್ಳೆ ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ದಾಟುವುದಿಲ್ಲ. ವಾರಕ್ಕೊಮ್ಮೆ ಅವನ್ನು ಬರಿದು ಮಾಡಿ, ಉಜ್ಜಿ ಒಣಗಿಸಿ. ಆದ ಮೇಲೆ ಆ ಗುರುತು ಅಳಿಸಿಹಾಕಿ.