ಎರಡು ಸಲ ತಟ್ಟಿದರೆ ಸರಿ ಇದೆ ಅಂತ

ಕಳೆದ ಒಂದೂವರೆ ವರ್ಷದಲ್ಲಿ ಒಂದೇ ಪ್ರಶ್ನೆ ಹಿಡಿದುಕೊಂಡು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದವರಲ್ಲಿ ಇವರು ನಾಲ್ಕನೆಯವರು. “ರೋಬೋ ಬಂದ್ರೆ ನಮ್ಮನ್ನ ಮನೆಗೆ ಕಳಿಸ್ತಾರಾ ಮೇಡಂ?” ನಾಲ್ವರೂ ವಿಮಾನದ ಭಾಗಗಳನ್ನು ಜೋಡಿಸುವವರು. 1940ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಕೆಲಸ ಈಗ ದೇವನಹಳ್ಳಿ, ಬೆಳಗಾವಿ, ಗುಬ್ಬಿಯವರೆಗೂ ಹಬ್ಬಿದೆ. ಇದೇ ಪ್ರಶ್ನೆ ಇಟ್ಟುಕೊಂಡು ನಿದ್ದೆಗೆಟ್ಟವರು ಇನ್ನೂ ಎಷ್ಟೋ ಮನೆಗಳಲ್ಲಿ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಇವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ವಯಸ್ಸು ನಲವತ್ತರ ಆಸುಪಾಸು. ಐಟಿಐ ಫಿಟ್ಟರ್. ಒಂದು ಖಾಸಗಿ ಘಟಕದಲ್ಲಿ ಹದಿನೈದು ವರ್ಷದಿಂದ ರಿವೆಟ್ ಕೆಲಸ, ಅಂದರೆ ತಗಡುಗಳನ್ನು ಲೋಹದ ಮೊಳೆ ಹೊಡೆದು ಜೋಡಿಸುವುದು. ಎದೆ ಡವಡವ ಅನ್ನುತ್ತದೆ ಅಂತ ಡಾಕ್ಟರ್ ಹತ್ತಿರ ಹೋಗಿದ್ದರು. ಇಸಿಜಿ ಸರಿ ಇತ್ತು. ಅವರೇ ಇಲ್ಲಿಗೆ ಕಳಿಸಿದರು. “ರಾತ್ರಿ ಎರಡು ಗಂಟೆ ತನಕ ಮೊಬೈಲಲ್ಲಿ ರೋಬೋ ವಿಡಿಯೋ ನೋಡ್ತಾರೆ ಮೇಡಂ, ಕರೆದ್ರೂ ಕೇಳಿಸಲ್ಲ ಇವರಿಗೆ” ಎಂದರು ಜೊತೆಗೆ ಬಂದಿದ್ದ ಹೆಂಡತಿ. ಇವರ ಅಪ್ಪ ಒಂದು ಕಾರ್ಖಾನೆಯಲ್ಲಿ ವಿಆರ್‌ಎಸ್ ತೆಗೆದುಕೊಂಡು, ಆಮೇಲೆ ಮನೆಯ ಜಗಲಿ ಬಿಟ್ಟು ಏಳಲಿಲ್ಲವಂತೆ. ಹಿನ್ನೆಲೆ ಇಷ್ಟು ಸಾಕು.

ಎರಡನೇ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಧೈರ್ಯ ತುಂಬೋಣ ಅಂತ ಬೋಯಿಂಗ್ ಕಥೆ ಹೇಳಿದೆ. ಅಮೆರಿಕದ ಎವರೆಟ್‌ನಲ್ಲಿ 777 ವಿಮಾನದ ಒಡಲು ಜೋಡಿಸಲು ರೋಬೋಗಳನ್ನು ತಂದು, ವರ್ಷಗಟ್ಟಲೆ ಒದ್ದಾಡಿ, 2019ರಲ್ಲಿ ಆ ವಿಧಾನವನ್ನೇ ಕೈಬಿಟ್ಟರು. ಮತ್ತೆ ಅನುಭವಿ ಕೆಲಸಗಾರರನ್ನೇ ನೆಚ್ಚಿಕೊಂಡರು. ಅದನ್ನು ಕೇಳಿ ಅವರ ಮುಖ ಅರಳಿತು. ನನಗೂ ಸಮಾಧಾನವಾಯಿತು.

ಮುಂದಿನ ವಾರ ಬಂದಾಗ ಕಣ್ಣು ಇನ್ನೂ ಒಳಗೆ ಹೋಗಿತ್ತು. ಮೊಬೈಲ್ ತೆಗೆದು ನನ್ನ ಮುಂದೆ ಇಟ್ಟರು. ಜರ್ಮನಿಯ ಹ್ಯಾಂಬರ್ಗ್. ಅದೇ 2019ರಲ್ಲಿ ಏರ್‌ಬಸ್‌ನವರು ಎ320 ಕುಟುಂಬದ ವಿಮಾನಗಳ ಒಡಲಿಗಾಗಿ 20 ರೋಬೋಗಳ ಹೊಸ ಸಾಲನ್ನೇ ತೆರೆದಿದ್ದಾರೆ. “ನೀವು ಇದನ್ನ ಹೇಳಲಿಲ್ಲ” ಎಂದರು. ಕೋಪ ಇರಲಿಲ್ಲ. ಸುಮ್ನೆ ಹೇಳಿದರು. ಆಮೇಲೆ ಇನ್ನೊಂದು ಮಾತು. “2024ರ ಜನವರಿಯಲ್ಲಿ ಅಲಾಸ್ಕಾ ಏರ್‌ಲೈನ್ಸ್ ವಿಮಾನದ ಪಕ್ಕದ ಭಾಗ ಆಕಾಶದಲ್ಲೇ ಕಿತ್ತುಹೋಯ್ತಲ್ಲ. ನಾಲ್ಕು ಬೋಲ್ಟ್ ಹಾಕಿರಲಿಲ್ಲ. ಕಾರ್ಖಾನೆಯಲ್ಲಿ ಆ ಪ್ಲಗ್, ಅಂದ್ರೆ ಬಾಗಿಲಿನ ಜಾಗ ಮುಚ್ಚೋ ಆ ಭಾಗ, ಬಿಚ್ಚಿದ್ದು ಯಾಕೆ ಗೊತ್ತಾ? ಪಕ್ಕದಲ್ಲಿದ್ದ ರಿವೆಟ್ ಸರಿ ಮಾಡೋಕೆ. ಬಿಚ್ಚಿದ್ದಕ್ಕೆ ದಾಖಲೆನೇ ಇರಲಿಲ್ಲ. ಮರೆತವರು ನನ್ನಂಥವರೇ ಅಲ್ವಾ? ಮೆಷಿನ್ ಮರೆಯಲ್ಲ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಏನಾದರೂ ಹೇಳಿ ತೇಲಿಸಿಬಿಡಬಹುದಿತ್ತು. ಮನಸ್ಸಾಗಲಿಲ್ಲ. “ನಿಮ್ಮ ಕೆಲಸ ಹೇಗಿರುತ್ತೆ, ನನಗೆ ಗೊತ್ತಿಲ್ಲ. ತೋರಿಸ್ತೀರಾ?” ಎಂದೆ.

ಆ ದಿನದ ಉಳಿದ ನಲವತ್ತು ನಿಮಿಷ ಅವರೇ ಮಾತಾಡಿದರು. ಮೇಜಿನ ಮೇಲಿದ್ದ ರಟ್ಟಿನ ಫೈಲನ್ನು ನೆಟ್ಟಗೆ ನಿಲ್ಲಿಸಿದರು. ಇದು ಒಡಲಿನ ತಗಡು ಎಂದರು. ಹೊರಗಡೆ ಒಬ್ಬ ರಿವೆಟ್ ಗನ್ ಹಿಡಿದಿರುತ್ತಾನೆ. ಒಳಗಡೆ ಇನ್ನೊಬ್ಬ. ಅವನ ಕೈಯಲ್ಲಿ ಬಕಿಂಗ್ ಬಾರ್, ಅಂದರೆ ನುಣುಪಾದ ಉಕ್ಕಿನ ತುಂಡು. ಗನ್ ಹೊಡೆದಾಗ ರಿವೆಟ್‌ನ ಬಾಲ ಆ ಉಕ್ಕಿಗೆ ಬಡಿದು ಅಗಲವಾಗುತ್ತದೆ. ಬಾರ್ ಸ್ವಲ್ಪ ವಾಲಿದರೂ ತಲೆ ಸೊಟ್ಟ. ಜಾಸ್ತಿ ಹೊತ್ತು ಹೊಡೆದರೆ ತಗಡು ಉಬ್ಬುತ್ತದೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಕಿವಿಗೆ ಪ್ಲಗ್ ಹಾಕಿಕೊಂಡಿರುವುದರಿಂದ ಕೂಗಿದರೂ ಕೇಳಿಸುವುದಿಲ್ಲ. ಹಾಗಾಗಿ ಒಳಗಿನವನು ಬಾರ್‌ನಿಂದ ತಗಡಿಗೆ ತಟ್ಟುತ್ತಾನೆ. ಒಂದು ಸಲ ತಟ್ಟಿದರೆ ಇನ್ನೂ ಸ್ವಲ್ಪ ಹೊಡಿ. ಮೂರು ಸಲ ತಟ್ಟಿದರೆ ಕೆಟ್ಟಿದೆ, ತೆಗೆಯಬೇಕು.

“ಎರಡು ಸಲ ತಟ್ಟಿದ್ರೆ ಸರಿ ಇದೆ ಅಂತ” ಎಂದು ಬೆರಳ ಗೆಣ್ಣಿನಿಂದ ಫೈಲಿಗೆ ಟಕ್ ಟಕ್ ಅನ್ನಿಸಿದರು. ಆ ಕೈ ಅಲ್ಲೇ ನಿಂತುಹೋಯಿತು.

“ಒಂಬತ್ತು ವರ್ಷ ಒಬ್ಬರೇ ಅಣ್ಣ ಒಳಗಡೆ ಇದ್ದರು ನನಗೆ. ಮೆಷಿನ್ ಬಂದ ಮೇಲೆ ಅವರನ್ನ ಸೀಲೆಂಟ್, ಅಂದ್ರೆ ಸಂದು ಮುಚ್ಚೋ ಅಂಟಿನ, ಸೆಕ್ಷನ್‌ಗೆ ಹಾಕಿದರು. ನಾನು ಮೆಷಿನ್ ಮುಂದೆ ಪ್ಯಾನೆಲ್ ಇಟ್ಟು ತೆಗೀತೀನಿ. ದಿನಕ್ಕೆ ಎಷ್ಟು ರಿವೆಟ್ ಬಿತ್ತು ಅಂತ ಸ್ಕ್ರೀನ್ ಹೇಳುತ್ತೆ. ಯಾರೂ ಎರಡು ತಟ್ಟಲ್ಲ ಮೇಡಂ.”

ಅವರು ಅತ್ತರು. ಹೆಂಡತಿ ಹೊರಗೆ ಕೂತಿದ್ದರು. ಒಳಗೆ ಕರೆಯಲೇ ಎಂದು ಕೇಳಿದೆ. ಬೇಡ ಎಂದು ತಲೆ ಅಲ್ಲಾಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಎದ್ದು ಹೋಗಿ ಕರೆದುಕೊಂಡು ಬಂದರು.

ಅಲ್ಲಿಯವರೆಗೆ ನಾನು ಸಂಬಳ ಹೋಗುವ ಭಯಕ್ಕೆ ಉತ್ತರ ಹುಡುಕುತ್ತಿದ್ದೆ. ಆ ಭಯ ಇತ್ತು, ನಿಜ. ಆದರೆ ಸಂಬಳ ಇನ್ನೂ ಹೋಗಿರಲಿಲ್ಲ. ಹೋಗಿದ್ದು ಬೇರೆ ಒಂದಿತ್ತು. ಮೆಷಿನ್ ಬಂದ ದಿನವೇ ಹೋಗಿತ್ತು. ಅದನ್ನು ಯಾರೂ ನಷ್ಟ ಅಂತ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಅವರೂ ಸಹ. ಮುಂದೆ ಬರುವ ಕಷ್ಟದ ಬಗ್ಗೆ ರಾತ್ರಿಯಿಡೀ ವಿಡಿಯೋ ನೋಡುವವರಲ್ಲಿ ಎಷ್ಟೋ ಜನ ಆಗಲೇ ಆಗಿಹೋದ ಒಂದು ದುಃಖವನ್ನು ನುಂಗಿಕೊಂಡಿರುತ್ತಾರೆ. ಉಳಿದ ಮೂವರ ಬಳಿ ನಾನು ಇದನ್ನು ಕೇಳಿಯೇ ಇರಲಿಲ್ಲ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಕೊಟ್ಟ ಸಲಹೆಗೆ ಬರುತ್ತೇನೆ. ಮೊದಲನೆಯದು, ಆ ಅಣ್ಣನನ್ನು ವಾರಕ್ಕೊಮ್ಮೆಯಾದರೂ ನೋಡಿ, ಟೀ ಕುಡಿಯಿರಿ. ರಾತ್ರಿ ಹತ್ತರ ಮೇಲೆ ಮೊಬೈಲ್ ಅಡುಗೆಮನೆಯಲ್ಲಿರಲಿ. ಕೆಲಸ ಬಿಟ್ಟು, ಪಿಎಫ್ ದುಡ್ಡಿನಲ್ಲಿ ಗೂಡ್ಸ್ ಆಟೋ ತೆಗೆದುಕೊಳ್ಳುವ ಯೋಚನೆ ಅವರಿಗಿತ್ತು. ಆರು ತಿಂಗಳು ಅದನ್ನು ಮುಟ್ಟಬೇಡಿ ಎಂದೆ. ನಿದ್ದೆ ಇಲ್ಲದ ತಲೆಯಲ್ಲಿ ಅಂಥ ತೀರ್ಮಾನ ಬೇಡ.

ಆಮೇಲೆ ಒಂದು ನೋಟ್‌ಬುಕ್ ಇಡಲು ಹೇಳಿದೆ. ಎಡಗಡೆ, ನಿಮ್ಮ ಸೆಕ್ಷನ್‌ನಲ್ಲಿ ಇನ್ನೂ ಕೈಯಿಂದಲೇ ಆಗುವ ಕೆಲಸ. ಬಲಗಡೆ, ಮೆಷಿನ್‌ಗೆ ಹೋದದ್ದು. ಬೋಯಿಂಗ್ ಬೇಡ, ಹ್ಯಾಂಬರ್ಗ್ ಬೇಡ, ನಿಮ್ಮ ಕಣ್ಣಿಗೆ ಕಂಡದ್ದು ಮಾತ್ರ. ಎರಡು ವಾರದಲ್ಲಿ ಎಡಗಡೆ ಇಪ್ಪತ್ತಮೂರು ಸಾಲು ತುಂಬಿತ್ತು. ಮೂಲೆಯಲ್ಲಿ ಕೈ ತೂರಿಸಿ ಹಾಕುವ ರಿವೆಟ್. ಎರಡು ಭಾಗಗಳ ನಡುವಿನ ಸಂದು ಫೀಲರ್ ಗೇಜಿನಲ್ಲಿ ಅಳೆದು ಶಿಮ್, ಅಂದರೆ ಆ ಸಂದು ತುಂಬುವ ತೆಳು ತುಂಡು, ಇಡುವುದು. ಕೊರೆದ ತೂತಿನ ಬರ್, ಅಂದರೆ ಅಂಚಿನಲ್ಲಿ ಏಳುವ ಚೂಪು ಮುಳ್ಳು, ತೆಗೆಯುವುದು. ಮೆಷಿನ್ ಕೆಡಿಸಿದ ರಿವೆಟನ್ನು ತೂತು ದೊಡ್ಡದಾಗದ ಹಾಗೆ ಕೊರೆದು ತೆಗೆಯುವುದು. ಬಲಗಡೆ ಆರು. ಕಾರಿನ ಕಾರ್ಖಾನೆಯ ಹಾಗೆ ಎಲ್ಲೆಡೆ ರೋಬೋ ಹಾಕುವ ಲೆಕ್ಕ ಇಲ್ಲಿ ನಡೆಯದಿರುವುದಕ್ಕೆ ತಯಾರಾಗುವ ಸಂಖ್ಯೆಯೂ ಒಂದು ಕಾರಣ. ಮಾರುತಿಯವರು 2024ರಲ್ಲಿ 20 ಲಕ್ಷ ಕಾರು ಮಾಡಿದರು. ಅದೇ ವರ್ಷ ಏರ್‌ಬಸ್ ಕೊಟ್ಟದ್ದು 766 ವಿಮಾನ. ಇಷ್ಟು ಕಡಿಮೆ ಸಂಖ್ಯೆಗೆ ಪ್ರತಿ ಮೂಲೆಗೂ ಒಂದೊಂದು ರೋಬೋ ಹಾಕಿದರೆ ಖರ್ಚು ಹುಟ್ಟುವುದು ಕಷ್ಟ. ಆದರೆ ಉದ್ದದ, ಸಪಾಟಾದ ಪ್ಯಾನೆಲ್‌ಗಳ ಕೆಲಸ ಮೆಷಿನ್‌ಗೆ ಹೋಗುತ್ತಲೇ ಇರುತ್ತದೆ. ಈ ಎರಡನ್ನೂ ಅವರಿಗೆ ಹೇಳಿದೆ. ಈ ಸಲ ಒಂದನ್ನೇ ಹೇಳಲಿಲ್ಲ.

ಕೊನೆಯದಾಗಿ, ಆ ಮೆಷಿನ್ ನಡೆಸುವುದನ್ನು ಕಲಿಸಿ ಎಂದು ಮೇಲಿನವರಿಗೆ ಬರೆದು ಕೊಡಿ ಎಂದೆ. ಬಾಯಿಮಾತಲ್ಲಿ ಬೇಡ. ಯಾರಿಗೆ, ಯಾವಾಗ ಟ್ರೇನಿಂಗ್ ಎಂದು ಯೂನಿಯನ್‌ನವರ ಮೂಲಕವೂ ಕೇಳಿಸಿ ಎಂದೆ.

ಇದಕ್ಕೆ ಎರಡು ಕಡೆಯಿಂದ ಆಕ್ಷೇಪ ಬಂತು. ನಮ್ಮದು ಮನಸ್ಸಿನ ಕೆಲಸ, ಉದ್ಯೋಗದ ಸಲಹೆ ನಿಮಗೇಕೆ ಎಂದರು ಒಬ್ಬ ಸಹೋದ್ಯೋಗಿ. ಭಯಕ್ಕೆ ನಿಜವಾದ ಕಾರಣ ಇರುವ ಮನುಷ್ಯನಿಗೆ ಉಸಿರಾಟದ ಅಭ್ಯಾಸ ಮಾತ್ರ ಹೇಳಿಕೊಟ್ಟು ಕಳಿಸುವುದು, ಬಿರುಕಿನ ಮೇಲೆ ಪೇಂಟ್ ಬಳಿದ ಹಾಗೆ. ಉಸಿರಾಟವನ್ನೂ ಹೇಳಿಕೊಟ್ಟಿದ್ದೇನೆ. ಅದು ಸಾಲದು. ಕಾರ್ಮಿಕ ಸಂಘದಲ್ಲಿರುವ ಗೆಳೆಯರೊಬ್ಬರು, ಮೆಷಿನ್ ಕಲಿ ಅಂದು ನೀವು ಆಡಳಿತದವರ ಕೆಲಸ ಮಾಡಿಕೊಟ್ಟಿರಿ ಎಂದರು. ಈ ಮಾತು ನನ್ನನ್ನು ಚುಚ್ಚಿತು. ಕೆಲಸಗಾರನೇ ಬದಲಾಗಬೇಕು, ಉಳಿದವರು ಹೇಗಿದ್ದರೂ ಸರಿ ಎಂದು ನಾನು ನಂಬುವವಳಲ್ಲ. ಜೋಡಿಯನ್ನು ಒಡೆಯುವ ಮೊದಲು ಆ ಇಬ್ಬರನ್ನು ಕೂರಿಸಿ ಹತ್ತು ನಿಮಿಷ ಮಾತಾಡಬೇಕಿತ್ತು. ಅದನ್ನು ಮಾಡದವರ ತಪ್ಪು ಚಿಕ್ಕದಲ್ಲ. ಆದರೆ ನನ್ನ ಎದುರು ಕೂತಿದ್ದವರು ಅವರಲ್ಲ, ಇವರು. ಜಗಲಿಯ ಮೇಲೆ ಕೂತ ಅಪ್ಪ ಇವರ ಕಣ್ಣಲ್ಲಿದ್ದರು. ಕೇಳುವುದನ್ನು ಇವರು ಕೇಳಬೇಕಿತ್ತು, ಅಷ್ಟೇ.

ಟ್ರೇನಿಂಗ್ ಬಗ್ಗೆ ಇನ್ನೂ ಉತ್ತರ ಬಂದಿಲ್ಲ. ಕಳೆದ ಭೇಟಿಯಲ್ಲಿ ನೋಟ್‌ಬುಕ್ ತಂದಿದ್ದರು. ಎಡಗಡೆಯ ಒಂದು ಸಾಲನ್ನು ಸ್ಕೇಲ್ ಇಟ್ಟು ನೇರವಾಗಿ ಹೊಡೆದುಹಾಕಿ, ಬಲಗಡೆ ಬರೆದಿದ್ದರು. “ಈ ತಿಂಗಳು ಇದೂ ಹೋಯ್ತು ಮೇಡಂ” ಎಂದರು. ನಿದ್ದೆ ಹೇಗಿದೆ ಎಂದು ಕೇಳಿದೆ. ಐದೂವರೆ, ಆರು ಗಂಟೆ ಬರುತ್ತಿದೆ ಎಂದರು ಹೆಂಡತಿ. ಭಾನುವಾರ ಆ ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದರಂತೆ. ಮುಂದಿನ ಭೇಟಿ ಎರಡು ತಿಂಗಳ ನಂತರ ಇಟ್ಟುಕೊಂಡಿದ್ದೇವೆ.