‘ಮುಂದಿನ ಪುಟ’ ಎನ್ನುವ ಅವಸರ

ಮಗ ಪುಸ್ತಕಕ್ಕೆ ಕೂರುವುದಿಲ್ಲವೆಂದು ಸಲಹೆ ಕೇಳಲು ಬಂದಿದ್ದ ಒಬ್ಬ ತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆದಿದ್ದೇನೆ.

ಅವರು ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಯ ಸೊಸೆ. ಕೊಯ್ಲು ಮುಗಿದ ಮೇಲೆ, 2 ವರ್ಷ 3 ತಿಂಗಳ ಮಗನನ್ನು ಎತ್ತಿಕೊಂಡು ಚಿಕ್ಕಮಗಳೂರಿಗೆ ನನ್ನ ಬಳಿ ಬಂದಿದ್ದರು. “ಮೇಡಂ, ಇವನಿಗೆ ಪುಸ್ತಕ ಕಂಡರೇ ಆಗುವುದಿಲ್ಲ. ಕಥೆ ಶುರು ಮಾಡಿದರೆ ಎದ್ದು ಓಡುತ್ತಾನೆ, ಇಲ್ಲವೇ ಹಾಳೆ ಹರಿಯುತ್ತಾನೆ. ಏನಾದರೂ ತೊಂದರೆ ಇರಬಹುದೇ?” ಕೇಳುವಾಗಲೇ ಕಣ್ಣು ತುಂಬಿತ್ತು. ನಾದಿನಿಯ ಮಗಳು ಇದೇ ವಯಸ್ಸಿಗೆ ಇಂಗ್ಲಿಷ್ ಪದ್ಯ ಒಪ್ಪಿಸುತ್ತಿದ್ದಳು ಎಂಬ ಮಾತು ಮನೆಯಲ್ಲಿ ದಿನಕ್ಕೊಮ್ಮೆ ಬರುತ್ತದಂತೆ.

ಮೊದಲು ಮಗುವನ್ನು ನೋಡಿದೆ. ಕರೆದರೆ ತಿರುಗುತ್ತಾನೆ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನೆ, “ಅಮ್ಮ ಬಾ” ಎಂದು ಎರಡು ಪದ ಜೋಡಿಸುತ್ತಾನೆ. ಇವುಗಳಲ್ಲಿ ಕೊರತೆ ಕಂಡಿದ್ದರೆ ಕಥೆಯ ಮಾತು ಬದಿಗಿಟ್ಟು ಶ್ರವಣ ಪರೀಕ್ಷೆಗೂ ಮಕ್ಕಳ ವೈದ್ಯರ ಬಳಿಗೂ ಕಳುಹಿಸುತ್ತಿದ್ದೆ.

ಅವರು ಓದುತ್ತಿದ್ದ ಪುಸ್ತಕವನ್ನು ಬ್ಯಾಗಿನಿಂದ ತೆಗೆಸಿದೆ. ತೆಳು ಹಾಳೆ, ಪುಟದ ತುಂಬ ಇಂಗ್ಲಿಷ್ ಸಾಲುಗಳು. ಓದುವುದು ರಾತ್ರಿ ಒಂಬತ್ತೂವರೆಗೆ, ಅರ್ಧ ಗಂಟೆ.

ನಾನು ದಪ್ಪ ರಟ್ಟಿನ ಪುಟಗಳ ಪುಸ್ತಕವೊಂದನ್ನು ಚಾಪೆಯ ಮೇಲಿಟ್ಟು ಸುಮ್ಮನೆ ಕುಳಿತೆ. ಅವನೇ ಬಂದ. ತಲೆಕೆಳಗಾಗಿ ಹಿಡಿದ, ತಿರುಗಿಸಿದ. ನಾಯಿಯ ಚಿತ್ರ ಸಿಕ್ಕಿದೊಡನೆ ಅದರ ಬಾಲದ ಮೇಲೆ ಬೆರಳಿಟ್ಟು “ಬೌ ಬೌ” ಎಂದ. ತಾಯಿ ಮೆಲ್ಲಗೆ ಬೆರಳು ಸರಿಸಿ, “ಮುಂದೇನಿದೆ ನೋಡು ಪುಟ್ಟಾ” ಎಂದು ಪುಟ ಮಗುಚಿದರು. ಅವನು ನಾಯಿಗೇ ಮರಳಿದ. ಅವರು ಮತ್ತೆ ಮಗುಚಿದರು. ಮೂರನೆಯ ಸಲಕ್ಕೆ ಪುಸ್ತಕ ಎಸೆದು ಎದ್ದುಹೋದ.

“ಅವನ ಕಥೆ ಆ ಬಾಲದ ಹತ್ತಿರ ನಡೆಯುತ್ತಿತ್ತು” ಎಂದೆ. ತಾಯಿ ತುಸು ಹೊತ್ತು ಮಾತನಾಡಲಿಲ್ಲ.

ಹೊತ್ತು ಬದಲಿಸಲು ಹೇಳಿದೆ: ಬೆಳಗ್ಗೆ ಸ್ನಾನ, ತಿಂಡಿ ಆದ ಮೇಲೆ ಐದೇ ನಿಮಿಷ. ಪುಟಕ್ಕೊಂದು ದೊಡ್ಡ ಚಿತ್ರ, ಒಂದೆರಡು ಸಾಲು ಸಾಕು. ಅವನು ಕಂಡು ಬಲ್ಲ ಕೋಳಿ, ಹಸು, ಮಳೆ ಅದರಲ್ಲಿರಲಿ. ಅದೇ ಪುಸ್ತಕವನ್ನು ಹದಿನೈದು ದಿನ ಕೇಳಿದರೂ ಬೇಸರಿಸಬೇಡಿ, ಮತ್ತೆ ಮತ್ತೆ ಕಿವಿಗೆ ಬಿದ್ದ ಪದವೇ ನಾಲಿಗೆಗೆ ಬರುವುದು. “ಇದೇನು?” ಎಂದು ಕೇಳಿ, ಮನಸ್ಸಿನಲ್ಲಿ ಐದು ಎಣಿಸುವವರೆಗೆ ಕಾಯಿರಿ. ಅವನು “ಬೌ ಬೌ” ಎಂದರೆ, “ಹೌದು, ಕರಿ ನಾಯಿ, ಬಾಲ ಆಡಿಸುತ್ತಿದೆ” ಎಂದು ಬೆಳೆಸಿ. 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಇದೇ ವಯಸ್ಸಿನ ಮಕ್ಕಳ ಪೋಷಕರಿಂದ ಒಂದು ತಿಂಗಳು ಹೀಗೆ ಓದಿಸಿದಾಗ ಮಕ್ಕಳ ಮಾತು ಚೆನ್ನಾಗಿ ಬೆಳೆದಿತ್ತು.

ಇಂಗ್ಲಿಷ್‌ನ ಚಿಂತೆ ಈಗ ಬೇಡ. ಮುದ್ದು ಮಾಡುವ ಭಾಷೆಯಲ್ಲೇ ಕಥೆ ಹೇಳಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ತೀರಾ ಸುಲಭವಾದ ಒಂದನೇ ಹಂತದವನ್ನು ಆರಿಸಿ, ಬಣ್ಣದಲ್ಲಿ ಮುದ್ರಿಸಿ ಲ್ಯಾಮಿನೇಷನ್ ಮಾಡಿಸಿದರೆ ಹರಿಯುವ ಭಯವೂ ಇಲ್ಲ. ಮೊಬೈಲಿನಲ್ಲೇ ತೋರಿಸಬೇಡಿ. ಈ ವಯಸ್ಸಿಗೆ ಪರದೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅತ್ತೆಗೆ ಓದು ಬಾರದು ಎಂದರು. ಚಿತ್ರಕ್ಕೆ ಓದು ಬೇಕಿಲ್ಲ, ಅವರನ್ನೂ ಕೂರಿಸಿಕೊಳ್ಳಿ ಎಂದೆ.

ಆರು ವಾರ ಕಳೆದು ಬಂದರು. ಕೆಲವು ದಿನ ನಾಲ್ಕೈದು ನಿಮಿಷ ಕೂರುತ್ತಾನೆ, ಕೆಲವು ದಿನ ಇಲ್ಲ. ಪುಸ್ತಕದ ನಾಯಿಗೆ ಅತ್ತೆ ತಮ್ಮ ತೋಟದ ನಾಯಿಯ ಹೆಸರನ್ನೇ ಇಟ್ಟಿದ್ದಾರೆ, ಬೆಳಗ್ಗೆ ಅದರ ಹೆಸರು ಕರೆಯುತ್ತಾ ಅವನೇ ಪುಸ್ತಕ ಹುಡುಕಿ ತರುತ್ತಾನೆ. ರಾತ್ರಿಯ ಕಥೆಯನ್ನು ಬಿಟ್ಟೇ ಬಿಡಬೇಕೇ ಎಂದು ಕೇಳಿದರು. ದೀಪ ಆರಿಸಿ ಅಜ್ಜಿ ಬಾಯಲ್ಲಿ ಹೇಳಲಿ, ಪುಸ್ತಕ ಬೇಡ ಎಂದಿದ್ದೇನೆ.